ಕೆಂಪು ದೀಪದ ಮೇಲಿನ ಪಟ್ಟಿ

ಕಂಪ್ಯೂಟರಿನ ತೆರೆಯ ಮೇಲಿರುವುದು ತನ್ನದೇ ಮುಖವೆಂದು ಗುನ್ವೋರ್‌ಗೆ ಹೊಳೆಯುವಷ್ಟರಲ್ಲಿ ಟಿವಿ ಸುದ್ದಿಮನೆಯ ಸಂಕಲನಕಾರ ಸಿಂದ್ರೆ ಅದನ್ನು ಮುಚ್ಚಿಬಿಟ್ಟಿದ್ದ. ಮುಚ್ಚಿದ ರೀತಿಯೇ ಸರಿಯಿರಲಿಲ್ಲ. ಕೆಲಸ ಮುಗಿಸಿ ಮುಚ್ಚುವವನು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಾನೆ, ಕುತ್ತಿಗೆ ತಿಕ್ಕಿಕೊಳ್ಳುತ್ತಾನೆ. ಇವನು ಬಿಸಿ ಒಲೆ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಅವಳ ಮುಖವಿದ್ದ ಜಾಗದಲ್ಲಿ ಈಗ ಹವಾಮಾನದ ನಕ್ಷೆ ಬಂದಿತ್ತು.

"ಏನದು?"

"ಏನಿಲ್ಲ, ಹಳೇ ಸಾಮಾನು."

"ಯಾವ ಹಳೇ ಸಾಮಾನು?"

"ಟೇಪುಗಳ ಉಗ್ರಾಣದ್ದು ಬಿಡು. ಬನ್ನು ತಿಂದೆಯಾ? ಅಡುಗೆಮನೇಲಿ ಇಟ್ಟಿದ್ದಾರೆ. ಒಡ್-ಆರ್ನೆ ಆಗಲೇ ಮೂರು ನುಂಗಿದಾನೆ. ಬೇಗ ಹೋಗು, ಇಲ್ಲದಿದ್ರೆ ನಿಂಗೆ ಸಕ್ಕರೆಪುಡಿ ಅಷ್ಟೇ ಸಿಗೋದು."

ಅವಳು ಹೋಗಲಿಲ್ಲ. ಒದ್ದೆ ಕೈಗವಸು ಹಿಡಿದುಕೊಂಡು ಅವನ ಬೆನ್ನ ಹಿಂದೆ ಇನ್ನೂ ಸ್ವಲ್ಪ ಹೊತ್ತು ನಿಂತಳು. ಅವನು ನಕ್ಷೆಯಲ್ಲಿ ಮೋಡ ಹುಡುಕುವವನಂತೆ ನಟಿಸಿದ. ಎರಡು ತಿಂಗಳ ಕತ್ತಲೆಯ ಮೇಲೆ ಇವತ್ತು ಗ್ರೋನೆಸ್ ಪಟ್ಟಣಕ್ಕೆ ಸೂರ್ಯ ಮರಳುವ ದಿನ. ಶಾಲೆಗಳಿಗೆ ಅರ್ಧ ದಿನ ರಜೆ. ಮನೆಮನೆಯಲ್ಲೂ ಜ್ಯಾಮು ತುಂಬಿ ಕರಿದ ಬನ್ನು. ಮಧ್ಯಾಹ್ನ ದ್ವೀಪದ ನೆತ್ತಿಯ ಕೆರೆಯಿಂದ ನೇರಪ್ರಸಾರ, ಮಾತಾಡುವವಳು ಅವಳೇ. ಹಾಗಾಗಿ ಅವನು ನಕ್ಷೆ ನೋಡುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಂಡದ್ದು ಕಂಡಿತ್ತು. ಹಳದಿ ಮಳೆಯಂಗಿ, ಗಾಳಿಗೆ ಬಾಯೊಳಗೆ ಹೊಕ್ಕ ಕೂದಲು, ಮೈಕನ್ನು ಯಾರೋ ಕಿತ್ತುಕೊಳ್ಳುತ್ತಾರೆಂಬಂತೆ ಬಿಗಿಹಿಡಿದ ಮುಷ್ಟಿ. ಎಂಬತ್ತೊಂಬತ್ತರ ಚಳಿಗಾಲದ, ಇಪ್ಪತ್ತಾರು ವರ್ಷದ ಗುನ್ವೋರ್ ಸ್ಕಾರ್ಡಾಲ್. ಅವಳ ಬದುಕಿನ ಚಿತ್ರ ಮಾಡಲು ಕೂತ ಯಾರೇ ಆದರೂ ಅಲ್ಲಿಂದಲೇ ಶುರುಮಾಡಬೇಕು. ಅವಳೇ ಮಾಡಿದ್ದರೂ ಅಲ್ಲಿಂದಲೇ ಶುರುಮಾಡುತ್ತಿದ್ದಳು.

ಅಡುಗೆಮನೆಯಲ್ಲಿ ಬನ್ನಿನ ತಟ್ಟೆಯ ಮುಂದೆ ನಿಂತಾಗ ಗಂಟಲೊಳಗಿನ ಆ ಜಾಗ ಮತ್ತೆ ತನ್ನ ಇರವನ್ನು ತಿಳಿಸಿತು. ನೋವಲ್ಲ, ಮೀನಿನ ಮುಳ್ಳು ಇದ್ದು ಹೋದ ಮೇಲೆ ಉಳಿಯುವ ಗುರುತಿನಂಥದ್ದು. ಹೋದ ವಾರ ಅಲ್ಲಿಂದ ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದ್ದರು. ದನಿ ಒಡೆದದ್ದಕ್ಕೆ ಕಚೇರಿಯಲ್ಲಿ ನೆಗಡಿಯ ನೆಪ ಹೇಳಿದ್ದಳು. ಗೊತ್ತಿದ್ದದ್ದು ಗಂಡ ಆಸ್ಲಾಕ್‌ಗೆ ಮಾತ್ರ. ಆಸ್ಲಾಕ್ ಮತ್ತು ಆಸ್ಪತ್ರೆಯವರು. ಆಸ್ಪತ್ರೆಯವರು ಎಂದರೆ ಯಾರು? ಎರಡೇ ಮಹಡಿಯ ಆಸ್ಪತ್ರೆ. ಅವತ್ತು ಅವಳ ಗಲ್ಲ ಹಿಡಿದು, "ಉಸಿರು ಬಿಡು, ಬಿಡು, ಹೆದರಬೇಡ" ಎಂದ ನರ್ಸು ರಾಗ್ನಿ. ಮುಖದ ಮೇಲೆ ಮುಸುಕಿದ್ದರೂ ಮಾತಿನ ಎಳೆತ ಕೇಳಿದ ಕೂಡಲೇ ಗುನ್ವೋರ್‌ಗೆ ಗೊತ್ತಾಗಿತ್ತು, ಇವಳು ಸಿಂದ್ರೆಯ ಅಕ್ಕ. ಪದದ ಕೊನೆಯನ್ನು ಮೇಲಕ್ಕೆತ್ತಿ ಅಲ್ಲೇ ಬಿಟ್ಟುಬಿಡುವ ಆ ಎಳೆತ ಇಡೀ ಊರಲ್ಲಿ ಆ ಒಂದೇ ಮನೆಯವರಿಗಿದೆ. ಬನ್ನನ್ನು ಎತ್ತಿದಳು, ಮತ್ತೆ ಇಟ್ಟಳು. ನಿನ್ನೆ ಸಂಪಾದಕಿ ತೂರುನ್ ಮೆಟ್ಟಿಲಲ್ಲಿ ಸಿಕ್ಕಾಗ ಭುಜ ಮುಟ್ಟಿದ್ದಳು. ಈ ಊರಲ್ಲಿ ಯಾರೂ ಯಾರ ಭುಜವನ್ನೂ ಮುಟ್ಟುವುದಿಲ್ಲ, ದೋಣಿಯಿಂದ ಬೀಳುತ್ತಿದ್ದರೆ ಹೊರತು. ಇವತ್ತು ಬೆಳಿಗ್ಗೆ ಆಸ್ಲಾಕ್ ಕಟ್ಟಿಕೊಟ್ಟ ಬ್ರೆಡ್ಡಿನಲ್ಲಿ ಕಂದು ಚೀಸು ಎರಡು ಪದರ ಇತ್ತು. ಮೂವತ್ತು ವರ್ಷದಿಂದ ಒಂದೇ ಪದರ ಹಾಕುವ ಮನುಷ್ಯ. ಫಲಿತಾಂಶ ಇವತ್ತು ಫೋನಿನಲ್ಲಿ ಹೇಳುತ್ತೇವೆ ಎಂದಿದ್ದರು. ಹೇಳಬೇಕಾದದ್ದನ್ನು ಊರಿಗೆಲ್ಲ ಹೇಳಿ ಮುಗಿಸಿ ಕೊನೆಗೆ ತನಗೆ ಫೋನು ಮಾಡುತ್ತಾರೋ ಏನೋ.

ಸುದ್ದಿಮನೆಯಲ್ಲಿ ಅದಕ್ಕೆ ಫ್ರೀಜರು ಎನ್ನುತ್ತಿದ್ದರು. ಇನ್ನೂ ಬದುಕಿರುವವರ ಶ್ರದ್ಧಾಂಜಲಿಗಳನ್ನು ಮೊದಲೇ ಮಾಡಿ ಇಡುವ ಜಾಗ. "ಈ ವಾರ ಯಾರನ್ನ ಫ್ರೀಜರಿಗೆ ಹಾಕಿದ್ರಿ?" ಎಂದು ಕ್ಯಾಮೆರಾ ಹಿಡಿಯುವ ಒಡ್-ಆರ್ನೆ ಕೇಳುತ್ತಿದ್ದ, ಮೀನು ಸಂಸ್ಕರಣೆಯ ಶೆಡ್ಡಿನಲ್ಲಿ ಬೆಳೆದವನ ಗಟ್ಟಿ ಗಂಟಲಲ್ಲಿ. ಬಿಷಪ್ಪು, ಮಾಜಿ ಮೇಯರು, ಧ್ರುವಯಾತ್ರೆಗೆ ಹೋಗಿ ಕಾಲ್ಬೆರಳು ಕಳೆದುಕೊಂಡ ಮುದುಕಿ, ಎಲ್ಲರನ್ನೂ ಗುನ್ವೋರ್ ತನ್ನ ಕೈಯಾರೆ ಅಲ್ಲಿಗೆ ಹಾಕಿದ್ದಳು. ಉಗ್ರಾಣಕ್ಕೆ ಒಂದು ಸಂದರ್ಶನ ಬೇಕಿತ್ತು ಎಂದು ಹೋಗುವುದು, ಕಾಫಿ ಕುಡಿಯುವುದು, ಬಾಲ್ಯದಿಂದ ಶುರುಮಾಡುವುದು. ಹೆಚ್ಚಿನವರು ಖುಷಿಯಿಂದ ಮಾತಾಡುತ್ತಿದ್ದರು. ಒಬ್ಬನೇ ಒಬ್ಬ ಮೀನುಗಾರರ ಸಂಘದ ಹಳೆಯ ಮುಖಂಡ ಹಿಲ್ಮಾರ್ ಕ್ವೀನ್, ಎಂಟು ವರ್ಷದ ಹಿಂದೆ ತನ್ನ ಅಡುಗೆಮನೆಯ ಮೇಜಿನ ಹಿಂದೆ ಕೂತು ಕ್ಯಾಮೆರಾವನ್ನು ಮೇಲಿಂದ ಕೆಳಗೆ ನೋಡಿ, "ನಾನು ಸತ್ತ ಮೇಲೆ ತಾನೇ ತೋರಿಸೋದು? ಹಾಗಾದ್ರೆ ಈ ಅಂಗಿ ಆಗುತ್ತಾ, ಚೌಕಳಿದು ಹಾಕ್ಕೊಳ್ಳಲಾ?" ಎಂದು ಕೇಳಿದ್ದ. ಅವಳು ನಕ್ಕು, ಛೆ, ಹಾಗೇನಿಲ್ಲ ಎಂದಿದ್ದಳು. ಅವನು ಎದ್ದುಹೋಗಿ ಚೌಕಳಿಯದು ಹಾಕಿಕೊಂಡು ಬಂದಿದ್ದ. "ಆ ಕೆಂಪು ದೀಪ ಎಲ್ಲಿ? ಮೊದಲು ಇತ್ತಲ್ಲ, ಚಾಲೂ ಆದಾಗ ಉರಿಯೋದು." ಇದೆ, ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದೇವೆ, ದೀಪ ನೋಡಿದರೆ ಜನ ಸೆಟೆದುಕೊಳ್ಳುತ್ತಾರೆ ಎಂದಳು. ಆ ಪಟ್ಟಿ ಅಂಟಿಸುವ ಪದ್ಧತಿ ಅವಳೇ ತಂದದ್ದು. ಈಗ ಕಚೇರಿಯ ಎಲ್ಲ ಕ್ಯಾಮೆರಾಗಳ ಮೇಲೂ ಅದಿದೆ. ಹಿಲ್ಮಾರ್ ತಲೆಯಾಡಿಸಿದ್ದ. "ಜಾಣೆ. ಅಂದ್ರೆ ಬಲೆ ಎಲ್ಲಿದೆ ಅಂತ ಮೀನಿಗೆ ಗೊತ್ತಾಗಬಾರ್ದು." ಆಮೇಲೆ ಬಾಗಿಲ ತನಕ ಬಂದು ಇನ್ನೊಂದು ಮಾತು ಕೇಳಿದ್ದ. "ನಿಂದನ್ನ ಯಾರು ತೆಗೀತಾರೆ, ಗುನ್ವೋರ್?"

ಅವನಿಗೆ ಹಾಗೆ ಕೇಳುವ ಹಕ್ಕಿತ್ತು. ಎಂಬತ್ತೊಂಬತ್ತರ ಆ ದಿನ ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ, ಹಳದಿ ಮಳೆಯಂಗಿಯ ಎದುರು ನಿಂತಿದ್ದವನು ಅವನೇ. ಕಡಲಲ್ಲಿ ಮೀನು ಮುಗಿಯುತ್ತ ಬಂದಿತ್ತು, ಹಿಡಿಯುವುದನ್ನೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿ ಎಲ್ಲರೂ ಕೆಟ್ಟ ಹವೆಯಲ್ಲೂ ದೋಣಿ ಇಳಿಸಿದ್ದರು. ಹಿಲ್ಮಾರನ ತಮ್ಮ ವಾಪಸು ಬರಲಿಲ್ಲ. ಅವಳು ಸರಕಾರದ ಬಗ್ಗೆ ಕೇಳುತ್ತಾಳೆಂದು ಅವನು ನಂಬಿದ್ದ. ಅವಳೂ ಹಾಗೇ ಹೇಳಿದ್ದಳು. ನೇರಪ್ರಸಾರ ಶುರುವಾದ ಮೇಲೆ, "ಅವತ್ತು ದೋಣಿ ಇಳಿಸೋಣ ಅಂದಿದ್ದು ನೀನೇ ಅಲ್ಲವಾ?" ಎಂದು ಕೇಳಿದಳು. ಅವನು ಉತ್ತರಿಸಲಿಲ್ಲ. ಅವಳ ಕಿವಿಯೊಳಗೆ ನಿರ್ದೇಶಕ, ಮುಂದಿನ ಪ್ರಶ್ನೆ, ಮುಂದಿನ ಪ್ರಶ್ನೆ ಎಂದು ಕೂಗುತ್ತಿದ್ದ. ಅವಳು ಕೇಳಲಿಲ್ಲ. ಮೈಕು ಕೆಳಗಿಳಿಸಲೂ ಇಲ್ಲ. ಇಡೀ ದೇಶ ಒಬ್ಬ ಮನುಷ್ಯನ ಗದ್ದ ನಡುಗುವುದನ್ನು ನೋಡಿತು, ಹಿಂದೆ ಕಡಲಕಾಗೆಗಳು ಅರಚುತ್ತಿದ್ದವು. ಮರುವಾರ ಓಸ್ಲೋದ ಮುಖ್ಯ ಕಚೇರಿಯಿಂದ ಕರೆ ಬಂತು. ಆಮೇಲೆ ಎಲ್ಲವೂ ಆಯಿತು: ಮುರ್ಮಾನ್ಸ್ಕ್, ಸರಾಯೆವೊ, ಸಂಜೆಯ ಸುದ್ದಿಯ ಕುರ್ಚಿ, ಹೊಸ ಪತ್ರಕರ್ತರ ತರಗತಿಯಲ್ಲಿ ಮತ್ತೆ ಮತ್ತೆ ತೋರಿಸುವ ಆ ಮೌನ. "ನೋಡಿ, ಇಲ್ಲಿ ಅವಳು ಅವನನ್ನು ಪಾರುಮಾಡೋದಿಲ್ಲ," ಎಂದು ಯಾರೋ ವಿವರಿಸುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕೂತ ಅವಳು ತನ್ನ ಬೂಟು ನೋಡಿಕೊಳ್ಳುತ್ತಿದ್ದಳು. ಮತ್ತೆ ಉತ್ತರಕ್ಕೆ ಬಂದದ್ದು ಯಾಕೆಂದು ಕೇಳಿದವರಿಗೆ ಬೆಳಕು ಇಷ್ಟ ಎನ್ನುತ್ತಿದ್ದಳು. ಎರಡು ತಿಂಗಳು ಬೆಳಕೇ ಇಲ್ಲದ ಊರಿಗೆ.

ವ್ಯಾನಿನಲ್ಲಿ ಗುಡ್ಡ ಹತ್ತುವಾಗ ಒಡ್-ಆರ್ನೆ ಒಂದು ಬೈಗುಳವನ್ನೂ ಆಡಲಿಲ್ಲ. ಮುಂದೆ ಹೋಗುತ್ತಿದ್ದ ಬಸ್ಸು ಹಿಮದಲ್ಲಿ ಜಾರಿ ಅಡ್ಡ ನಿಂತಾಗಲೂ ಸುಮ್ಮನಿದ್ದ. ಗುನ್ವೋರ್ ಅದನ್ನೂ ಗುರುತಿಸಿಕೊಂಡಳು. "ಯಾಕೋ, ನಾಲಿಗೆ ಹೆಪ್ಪುಗಟ್ಟಿದೆಯಾ?" ಎಂದದ್ದಕ್ಕೆ, "ಜ್ಯಾಮು ಸುಟ್ಟುಬಿಡ್ತು ಕಣೇ, ಸೈತಾನ ಕರಿದ ಬನ್ನು ಅದು," ಎಂದ. ನಂಬುವಂಥ ಉತ್ತರವೇ. ನಂಬುವಂಥ ಉತ್ತರ ಇಷ್ಟು ಬೇಗ ಬಂದರೆ ಅದನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡಿರುತ್ತಾರೆ ಎಂದು ಅವಳೇ ಸಿಂದ್ರೆಗೆ ಕಲಿಸಿದ್ದಳು. ಆರು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದಾಗ ಕಲಿಸಿದ ಇನ್ನೊಂದು ಪಾಠವೂ ಇತ್ತು. ನಿನಗೆ ಗೊತ್ತಿರುವುದನ್ನು ಪ್ರಶ್ನೆಯೊಳಗೆ ಹಾಕಬೇಡ, ಪ್ರಶ್ನೆ ಕೇಳಿದವನೇ ಮೊದಲು ಸುದ್ದಿ ಕೊಟ್ಟವನಾಗುತ್ತಾನೆ. ಕೆರೆಯ ಬಳಿ ಒಡ್-ಆರ್ನೆ ಇಳಿದು ಕ್ಯಾಮೆರಾದ ಕಾಲು ನೆಡಲು ಹೋದ. ದಕ್ಷಿಣದ ಬೆಟ್ಟಗಳ ಹಿಂದೆ ಆಕಾಶ ಸೀಳಿದ ಸಾಲ್ಮನ್ ಮೀನಿನ ಬಣ್ಣಕ್ಕೆ ತಿರುಗುತ್ತಿತ್ತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಮಕ್ಕಳು ಆಗಲೇ ಕಿರುಚಾಡುತ್ತಿದ್ದರು. ವ್ಯಾನಿನ ಹಿಂದಿನ ಸೀಟಿನಲ್ಲಿ ಸಿಂದ್ರೆ ಅವಳ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸುತ್ತಿದ್ದ. ಅವನ ಬೆರಳು ಅವಳ ಗಂಟಲಿಗೆ ತಾಗಿತು. ಅಷ್ಟೇ ಸಾಕಾಯಿತು.

"ರಾಗ್ನಿ ನಿಂಗೇನು ಹೇಳಿದಳು?"

ಅವನ ಕೈ ಅಲ್ಲೇ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಅಂದರೆ ಹೇಳಿದ್ದಾಳೆ."

"ಗುನ್ವೋರ್, ದಮ್ಮಯ್ಯ. ಹೊರಗೆ ಬಿದ್ರೆ ಅವಳ ಕೆಲಸ ಹೋಗುತ್ತೆ. ಅವಳು ಬಾಯಿಬಿಟ್ಟು ಹೇಳಿದ್ದೂ ಅಲ್ಲ. ಭಾನುವಾರ ಅಮ್ಮನ ಮನೇಲಿ ಊಟಕ್ಕೆ ಕೂತಿದ್ವಿ. ಮುಖ ಒಂಥರಾ ಇತ್ತು, ನಾನೇ ಒಂದೊಂದಾಗಿ ಕೇಳ್ದೆ. ಎಲ್ಲದಕ್ಕೂ ಸುಮ್ನೆ ತಲೆ ಆಡಿಸಿದಳು."

"ಎಷ್ಟು ದಿನ ಅಂತೆ?"

ಈ ಪ್ರಶ್ನೆಯನ್ನು ಅವಳು ಕೇಳಿದ್ದು ಸುದ್ದಿಯ ದನಿಯಲ್ಲಿ. ಒಡೆದಿದ್ದ ದನಿ ಎಲ್ಲಿಂದಲೋ ಮತ್ತೆ ಕೂಡಿಕೊಂಡಿತ್ತು.

"ಈ ವಾರ ದಾಟೋದು ಕಷ್ಟ ಅಂತೆ."

ಹೊರಗೆ ಮಗುವೊಂದು ಬಿದ್ದು ಅಳತೊಡಗಿತು. ಗುನ್ವೋರ್ ವ್ಯಾನಿನ ಕಿಟಕಿಯ ಮೇಲಿನ ಮಂಜಿನ ಹೂವು ನೋಡಿದಳು. ಅದು ಅಷ್ಟು ಅಚ್ಚುಕಟ್ಟಾಗಿದ್ದದ್ದು ಅವಳಿಗೆ ಅವಮಾನದಂತೆ ಕಂಡಿತು. ಈ ವಾರ. ಇವತ್ತು ಮಂಗಳವಾರ. ಹಾಗಾದರೆ ಆಸ್ಲಾಕ್‌ಗೂ ಗೊತ್ತು, ಅದಕ್ಕೇ ಎರಡು ಪದರ. ಎಷ್ಟು ಕ್ಷುಲ್ಲಕ ಮನುಷ್ಯ, ಸಾಯುವವಳಿಗೆ ಚೀಸು. ಆಮೇಲೆ ಎಲ್ಲಿಂದಲೋ ನಗು ಬಂತು. "ಹುಚ್ಚಾ ನಿನಗೆ? ನಾನು ನಡೀತಾ ಇದ್ದೀನಲ್ಲೋ. ಬೆಳಿಗ್ಗೆ ಎದ್ದು ಅಂಗಳದ ಹಿಮ ಪೂರಾ ಬಾಚಿ ಬಂದಿದ್ದೀನಿ. ಗಂಟಲಿಂದ ಒಂದು ಚೂರು ತೆಗೆದಿದ್ದಾರೆ, ಇನ್ನೂ ಫಲಿತಾಂಶವೇ ಬಂದಿಲ್ಲ. ಒಂದು ವಾರ ಅಂತ ಅವಳು ಹೇಗೆ ಹೇಳ್ತಾಳೆ?"

ಸಿಂದ್ರೆ ಅವಳನ್ನು ನೋಡಿದ. ಅವನ ಮುಖದಲ್ಲಿ ಒಂದು ಭಾವ ಹೋಗಿ ಇನ್ನೊಂದು ಬರುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಎಷ್ಟೋ ಜನರ ಮುಖದಲ್ಲಿ ಅದು ಬರಲೆಂದು ಕಾದು ಕೂತವಳು ಅವಳು.

"ನಾನು ಹಿಲ್ಮಾರ್ ವಿಷಯ ಹೇಳ್ತಿದ್ದೆ," ಎಂದ. "ಹಿಲ್ಮಾರ್ ಕ್ವೀನ್. ನ್ಯುಮೋನಿಯಾ. ಫ್ರೀಜರಿಂದ ತೆಗೆದು ಸರಿಮಾಡು ಅಂತ ತೂರುನ್ ಹೇಳಿದ್ಳು." ನಂತರ ತೀರ ಮೆಲ್ಲಗೆ, "ನಿಂಗೇನಾಗಿದೆ, ಗುನ್ವೋರ್?"

ಧಕ್ಕೆಯ ಮೇಲಿನ ಚಿತ್ರದಲ್ಲಿ ಇಬ್ಬರಿದ್ದರು. ಇಷ್ಟು ವರ್ಷ ಅದನ್ನು ತನ್ನ ಚಿತ್ರ ಎಂದುಕೊಂಡು ಬಂದಿದ್ದಳು. ಬೆಳಿಗ್ಗೆಯಿಂದ ಊರನ್ನೆಲ್ಲ ಅನುಮಾನಿಸಿದವಳಿಗೆ, ಚೌಕಳಿ ಅಂಗಿಯ ಆ ಮುದುಕ ಎಲ್ಲೋ ಉಸಿರಿಗೆ ಒದ್ದಾಡುತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಮತ್ತೆ ನನ್ನ ನೋಡಿ ಯಾಕೆ ಮುಚ್ಚಿದೆ?"

"ಒಂದು, ರಾಗ್ನಿ ವಿಷಯ. ಇನ್ನೊಂದು..." ಅವನು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಡಿಸಿದ. "ನಿನ್ನ ಕತ್ತರಿಸ್ತಾ ಇದ್ದೆ. ಈಗೆಲ್ಲ ಪ್ರಶ್ನೆ ಕೇಳೋರನ್ನ ಇಡೋದಿಲ್ವಲ್ಲ. ಅವನ ಮುಖ, ಅವನ ಮೌನ, ಅಷ್ಟೇ ಇರಲಿ ಅಂತ. ನೋಡೋರಿಗೆ ಅವನು ತಮ್ಮನ್ನ ನೆನೆಸಿಕೊಂಡು ಸುಮ್ಮನಿದಾನೆ ಅನಿಸುತ್ತೆ."

"ನಾನು ಕೇಳಿದ್ದಕ್ಕೆ ಅಲ್ಲ."

"ಅಲ್ಲ."

"ಒಳ್ಳೇದು," ಎಂದಳು ಗುನ್ವೋರ್. ನಿಜವಾಗಿಯೂ ಒಳ್ಳೆಯದೇ. ಹಿಲ್ಮಾರನಿಗೆ ಅಷ್ಟಾದರೂ ಸಲ್ಲಬೇಕು. ಆದರೆ ಎದೆಯೊಳಗೆ ಏನೋ ಒಂದು ಸಣ್ಣ ಪ್ರಾಣಿ ಹಲ್ಲು ಕಿರಿಯಿತು. ಅವಳ ಸಾವಿನ ಚಿತ್ರವೂ ಅಲ್ಲ, ಅವಳ ಬದುಕಿನ ಚಿತ್ರವೂ ಅಲ್ಲ, ಬೇರೆಯವನ ಚಿತ್ರದಿಂದ ಕಿತ್ತು ಬಿಸಾಡಿದ ಚೂರು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಊರಿಗೆ ಗೊತ್ತಿಲ್ಲದ ತನ್ನ ಗಂಟಲಿನ ಸುದ್ದಿ ಈಗ ಸಿಂದ್ರೆಗೆ ಗೊತ್ತಾಗಿದೆ. ಕೊಟ್ಟವಳು ರಾಗ್ನಿಯಲ್ಲ. ತಾನೇ, ಪ್ರಶ್ನೆಯೊಳಗೆ ಹಾಕಿ.

ಕೆರೆಯ ದಂಡೆಯಲ್ಲಿ ನಿಂತಾಗ ಬೆಟ್ಟದ ಸೀಳಿನಲ್ಲಿ ಬಂಗಾರದ ಎಳೆ ಕಂಡಿತು. ಮಕ್ಕಳು ಕೈಯೆತ್ತಿ ಕುಣಿಯತೊಡಗಿದರು. "ಬಂತು, ಬಂತು!" "ಇಲ್ಲ ಕಣೋ ಪೆದ್ದ, ಅದು ಮೋಡ!" ಅವಳು ಕ್ಯಾಮೆರಾಕ್ಕೆ ಮುಖಮಾಡಿ ಮಾತಾಡಿದಳು. ಪ್ರತಿ ವರ್ಷ ಹೇಳುವುದನ್ನೇ ಹೇಳಿದಳು. ಅಜ್ಜಿಯರು ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿರುವುದನ್ನು, ದೋಣಿಯವರು ಮೊದಲ ಬಿಸಿಲಿಗೆ ಟೋಪಿ ತೆಗೆಯುವುದನ್ನು. ನಡುವೆ ದನಿ ಬಿರಿದು ಒಂದು ಪದ ಅರ್ಧಕ್ಕೇ ಉಳಿಯಿತು. ಹೀಗಾದಾಗಲೆಲ್ಲ ವ್ಯಾನಿನಿಂದ ಕಿವಿಯೊಳಗೆ ಸಿಂದ್ರೆ ಗೊಣಗುತ್ತಾನೆ. ಎಳೀಬೇಡ, ಮುಗಿಸು, ಓಸ್ಲೋದವರು ಕಾಯ್ತಿದಾರೆ ಎನ್ನುತ್ತಾನೆ. ಇವತ್ತು, ಹಾಸಿಗೆ ಹಿಡಿದವರ ಕೋಣೆಗೆ ಬಂದವನ ದನಿಯಲ್ಲಿ, "ಆತುರವಿಲ್ಲ, ಗುನ್ವೋರ್. ಬೇಕಾದಷ್ಟು ಹೊತ್ತು ತಗೋ," ಎಂದ. ಇಡೀ ವೃತ್ತಿಜೀವನದಲ್ಲಿ ಯಾರೂ ಅವಳಿಗೆ ಬೇಕಾದಷ್ಟು ಹೊತ್ತು ಕೊಟ್ಟಿರಲಿಲ್ಲ. ಸೂರ್ಯ ಬಂದ, ಕೆರೆಯ ಮೇಲೆ ಅವಳ ನೆರಳು ಬಿತ್ತು, ನವೆಂಬರಿನಿಂದ ಕಾಣದಿದ್ದ ನೆರಳು, ಉದ್ದ, ಸಪೂರ, ತನ್ನದೆಂದು ತಕ್ಷಣ ನಂಬಲಾಗದ್ದು.

"ಆಯ್ತು, ಓಸ್ಲೋ ತಗೊಂಡ್ರು," ಎಂದ ಸಿಂದ್ರೆ. ನೇರಪ್ರಸಾರ ಮುಗಿದಿತ್ತು. ಹುಡುಗಿಯೊಬ್ಬಳು ಓಡಿ ಬಂದು ಅವಳ ಕೈಗೊಂದು ಬನ್ನು ತುರುಕಿ ಓಡಿದಳು. ಒಂದು ತುತ್ತು ಕಚ್ಚಿ ತಲೆಯೆತ್ತಿದರೆ ಒಡ್-ಆರ್ನೆಯ ಕಣ್ಣು ಇನ್ನೂ ಕ್ಯಾಮೆರಾದ ಹಿಂದೆಯೇ ಇತ್ತು.

"ಚಾಲೂ ಇದೆಯಾ ಅದು?"

"ಎಂಥದ್ದು? ಇಲ್ಲ ಕಣೇ. ರೆಪ್ಪೆ ಅಂಟಿಕೊಂಡುಬಿಟ್ಟಿದೆ, ಈ ಹಾಳು ಚಳಿಗೆ."

ದೀಪ ನೋಡಿದಳು. ಅದರ ಮೇಲೆ ಕಪ್ಪು ಪಟ್ಟಿ ಇತ್ತು. ಪ್ರಸಾರ ಮುಗಿದ ಮೇಲೆ ಒಂದು ನಿಮಿಷ ಓಡಿಸುತ್ತಲೇ ಇರಿ, ಮನುಷ್ಯ ಸಿಗುವುದೇ ಆಗ ಎಂದು ಇವರಿಬ್ಬರಿಗೂ ಹೇಳಿಕೊಟ್ಟವಳು ಯಾರು? ಬಿಸಿಲಿಗೆ ಮುಖವೊಡ್ಡಿ ನಿಂತ ಮುದುಕಿ, ತುಟಿಯ ಮೇಲೆ ಸಕ್ಕರೆ, ಹಿಂದೆ ಮಕ್ಕಳ ಕೇಕೆ. ಕೊನೆಯ ದೃಶ್ಯಕ್ಕೆ ಇದಕ್ಕಿಂತ ಚೆನ್ನಾದದ್ದು ಯಾರಿಗೂ ಸಿಗುವುದಿಲ್ಲ. ಜೇಬಿನಲ್ಲಿ ಫೋನು ನಡುಗಿತು. ಆಸ್ಪತ್ರೆಯ ನಂಬರು. ಕಾಲರಿನ ಮೈಕು ನೆನಪಾಗಿ ಅದನ್ನು ಕಿತ್ತು ಮುಷ್ಟಿಯೊಳಗೆ ಅದುಮಿ ಹಿಡಿದಳು. ವ್ಯಾನಿನಲ್ಲಿ ಕೂತ ಸಿಂದ್ರೆಗೆ ಈಗ ಅವಳ ಅಂಗೈಯ ಸದ್ದಷ್ಟೇ ಕೇಳಿಸೀತು. ಕ್ಯಾಮೆರಾಕ್ಕೆ ಬೆನ್ನುಮಾಡಬೇಕೆಂದುಕೊಂಡಳು, ಮಾಡಲಿಲ್ಲ.

"ಗುನ್ವೋರ್? ರಾಗ್ನಿ ಮಾತಾಡ್ತಿರೋದು. ಡಾಕ್ಟರು ಆಪರೇಶನ್ನಿಗೆ ಹೋಗಿದ್ದಾರೆ, ನೀನೇ ಹೇಳಿಬಿಡು ಅಂದ್ರು. ಏನಿಲ್ಲ."

ಪದದ ಕೊನೆ ಮೇಲಕ್ಕೆದ್ದು ಅಲ್ಲೇ ನಿಂತಿತು. ಬೆಳಿಗ್ಗೆ ಇವಳ ತಮ್ಮ ಹೇಳಿದ್ದೂ ಇದೇ, ಇದೇ ಎಳೆತದಲ್ಲಿ.

"ಏನಿಲ್ಲ ಅಂದರೆ?"

"ಏನೂ ಇಲ್ಲ ಅಂತ. ಸಾದಾ ಗಂಟು. ಸ್ವಲ್ಪ ದಿನ ಕೂಗಾಡಬೇಡ ಅಷ್ಟೆ."

"ಡಾಕ್ಟರು ಇದೇ ಮಾತು ಹೇಳಿದರಾ?"

"ಹೌದೇ ಮಾರಾಯ್ತಿ."

"ಬೇರೇನೂ ಹೇಳಲಿಲ್ಲ?"

ಆ ಕಡೆ ರಾಗ್ನಿ ನಕ್ಕಳು. "ಅಬ್ಬ, ನನ್ನನ್ನೂ ಸಂದರ್ಶನ ಮಾಡ್ತೀಯಾ? ಹೋಗು, ಬಿಸಿಲು ಕಾಯಿಸ್ಕೋ."

ನಗುವಿಗೆ ಮುಂಚೆ ಒಂದು ಉಸಿರಿತ್ತು. ಎಲ್ಲರೂ ನಗುವ ಮುಂಚೆ ಉಸಿರು ತೆಗೆದುಕೊಳ್ಳುತ್ತಾರೆ, ಗುನ್ವೋರ್‌ಗೆ ಅದು ಗೊತ್ತು. ಆದರೂ ಫೋನು ಆರಿದ ಮೇಲೆ ಆ ಉಸಿರನ್ನೇ ಮನಸ್ಸಿನಲ್ಲಿ ಹಿಂದೆ ಮುಂದೆ ಓಡಿಸಿ ಕೇಳಿದಳು. ಸಂತೋಷ ಎಲ್ಲೋ ಹತ್ತಿರದಲ್ಲಿತ್ತು, ಒಳಗೆ ಬಿಡು ಎಂದು ಬಾಗಿಲು ತಟ್ಟುತ್ತಿತ್ತು. ಇವಳು ಗುರುತಿನ ಚೀಟಿ ಕೇಳುತ್ತ ನಿಂತಿದ್ದಳು. ಅಷ್ಟರಲ್ಲಿ ಕಿವಿಯೊಳಗೆ ಮತ್ತೆ ಸಿಂದ್ರೆ ಬಂದ.

"ಗುನ್ವೋರ್, ತುಂಬಾ ಚೆನ್ನಾಗಿ ಬಂತು. ಯಾವಾಗಲೂ ಹೇಳಬೇಕು ಅನ್ಕೋತಿದ್ದೆ, ಹೇಳಿರಲಿಲ್ಲ. ನಿನ್ನಿಂದ ಕಲಿತದ್ದು ಬೇರೆ ಯಾರಿಂದಲೂ ಕಲಿತಿಲ್ಲ."

ಒಂದೇ ಒಂದು ವಾಕ್ಯ ಸಾಕಿತ್ತು. ಏನಿಲ್ಲ ಕಣೋ, ಸಾದಾ ಗಂಟಂತೆ. ತಪ್ಪು ಸುದ್ದಿಯನ್ನು ಅದೇ ದಿನ, ಅದೇ ದನಿಯಲ್ಲಿ ತಿದ್ದಬೇಕೆಂದು ಗೋಡೆಗೆ ಬರೆದು ಅಂಟಿಸಿದ್ದವಳು ಅವಳು. ಮುಷ್ಟಿ ಬಿಚ್ಚಿ ಮೈಕನ್ನು ಬಾಯಿಯ ಹತ್ತಿರ ತಂದಳು. ಧಕ್ಕೆಯ ಮೇಲೆ ನಡುಗಿದ್ದ ಆ ಗದ್ದ ಈಗ ಆಸ್ಪತ್ರೆಯ ದಿಂಬಿನ ಮೇಲೆ ಹೇಗಿದೆಯೋ. ಇವತ್ತೇ ಹೋಗಬೇಕು, ಕ್ಯಾಮೆರಾ ಇಲ್ಲದೆ. ಕ್ಯಾಮೆರಾ ತಂದಿಲ್ಲವೆಂದರೆ ಅವನು ನಂಬುತ್ತಾನೆಯೇ?

"ಗುನ್ವೋರ್? ಏನಾದ್ರೂ ಹೇಳ್ದೆಯಾ?"

"ಇಲ್ಲ," ಎಂದಳು.

ಬೆಟ್ಟದ ಸೀಳಿನಲ್ಲಿ ಸೂರ್ಯ ಆಗಲೇ ಅಂಚು ಕಳೆದುಕೊಳ್ಳುತ್ತಿದ್ದ. ಒಡ್-ಆರ್ನೆ ಕ್ಯಾಮೆರಾದ ಹಿಂದೆ ಕದಲದೆ ನಿಂತಿದ್ದ. ಗುನ್ವೋರ್ ತುಟಿಯ ಮೇಲಿನ ಸಕ್ಕರೆ ಒರೆಸಿಕೊಳ್ಳಲು ಕೈಯೆತ್ತಿದವಳು ತಡೆದು ಕೆಳಗಿಳಿಸಿದಳು. ಗಲ್ಲವನ್ನು ಕೊಂಚ ಎಡಕ್ಕೆ, ಬೆಳಕು ಬರುವ ಕಡೆಗೆ ತಿರುಗಿಸಿದಳು. ಆ ಬೆಳಕು ಪೂರಾ ಹೋಗುವ ತನಕ, ಯಾರೂ ನೋಡುತ್ತಿಲ್ಲವೆಂಬಂತೆ, ಹಾಗೇ ನಿಂತಿದ್ದಳು.